ರೀಲೋಡಿಂಗ್ ತಕ್ಕಡಿ ಸೊನ್ನೆಗೆ ಮರಳದಿದ್ದರೆ: ಇರುವುದನ್ನೇ ಸರಿಪಡಿಸಬೇಕೆ, ಹೊಸದು ಕೊಳ್ಳಬೇಕೆ?

ಒಂದೇ ತಟ್ಟೆ, ಅದರಲ್ಲಿ ಅದೇ ಕೋವಿಮದ್ದು. ಮೊದಲ ಸಲ 42.0 ಗ್ರೇನ್ (ಮದ್ದು ತೂಗುವ ಪುಟ್ಟ ಅಳತೆ) ಎಂದ ತಕ್ಕಡಿ ಹತ್ತು ನಿಮಿಷ ಬಿಟ್ಟು 42.3 ಎನ್ನುತ್ತದೆ. ತಟ್ಟೆ ಎತ್ತಿ ಮತ್ತೆ ಇಟ್ಟರೆ 41.9. ಖಾಲಿ ತಟ್ಟೆ ಇಟ್ಟಾಗ ಸೊನ್ನೆ ಕಾಣಬೇಕಾದ ಕಡೆ 0.2 ಮಿನುಗುತ್ತಿರುತ್ತದೆ. ತೋಟಾ ರೀಲೋಡ್ ಮಾಡುವವರಿಗೆ, ಅಂದರೆ ಹಾರಿಸಿದ ತೋಟಾದ ಖಾಲಿ ಕೇಸಿಗೆ ಹೊಸ ಪ್ರೈಮರ್ (ಕಿಡಿ ಹೊತ್ತಿಸುವ ಬಿಲ್ಲೆ), ಮದ್ದು, ಬುಲೆಟ್ ತುಂಬಿ ಮತ್ತೆ ಬಳಸುವವರಿಗೆ, ಇವತ್ತಲ್ಲ ನಾಳೆ ಈ ತಲೆನೋವು ತಪ್ಪಿದ್ದಲ್ಲ. ಆಮೇಲೆ ಗೊಂದಲ ಶುರು: ಇರುವ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ದಾರಿಗೆ ತರಬಹುದೆ, ದಂಡದ ಮೇಲೆ ತೂಕ ಸರಿಸಿ ತೂಗುವ ಹಳೇ ಕಾಲದ ಬೀಮ್ ತಕ್ಕಡಿಯೇ ವಾಸಿಯೆ, ತಾನೇ ತೂಗಿ ಸುರಿಯುವ ಡಿಸ್ಪೆನ್ಸರ್ ತರಿಸಬೇಕೆ, ಇಲ್ಲ ಗಟ್ಟಿ ಮನಸ್ಸು ಮಾಡಿ ಲ್ಯಾಬ್ ತಕ್ಕಡಿಗೇ ದುಡ್ಡು ಸುರಿಯಬೇಕೆ?

ಈ ಬರಹ ಅಮೆರಿಕದ ಪರಿಸ್ಥಿತಿಗೆ ಹೊಂದುವಂಥದ್ದು. ಅಲ್ಲಿ ಸ್ವಂತ ಬಳಕೆಗೆ ಮನೆಯಲ್ಲೇ ರೀಲೋಡ್ ಮಾಡುವುದು ಸಾಮಾನ್ಯ ಹವ್ಯಾಸ; ಟೆಕ್ಸಸ್ಸಿನಲ್ಲೋ ಕೊಲರಾಡೊದಲ್ಲೋ ನೆಲೆಸಿ ಶೂಟಿಂಗ್ ರೇಂಜಿಗೆ ಹೋಗುವ ಕನ್ನಡಿಗರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಭಾರತದಲ್ಲಿ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕೇ ಬೇಕು. ಕೋವಿಯ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಊರಿನ ಮನೆಯಲ್ಲಿ ಇದನ್ನು ಮಾಡುವ ಹಾಗಿಲ್ಲ. ಇನ್ನು ಯಾವ ತೋಟಾಗೆ ಎಷ್ಟು ಮದ್ದು ಎಂಬುದನ್ನು ಮದ್ದು ತಯಾರಕರ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಇಲ್ಲಿ ಬರುವ ಅಂಕೆಗಳೆಲ್ಲ ತಕ್ಕಡಿಯ ಲೆಕ್ಕ ವಿವರಿಸುವುದಕ್ಕಷ್ಟೇ.

ತಕ್ಕಡಿಯನ್ನು ಯಾವುದರಿಂದ ಅಳೆಯಬೇಕು

ಒಂದು ಗ್ರೇನ್ ಎಂದರೆ 0.0648 ಗ್ರಾಂ. ಒಂದು ಗ್ರಾಂಗೆ 15.43 ಗ್ರೇನ್, ಒಂದು ಪೌಂಡಿಗೆ 7000. ನಮ್ಮ ಚಿನಿವಾರರ ಲೆಕ್ಕದಲ್ಲಿ ಹೇಳಬೇಕೆಂದರೆ ಗುಲಗಂಜಿಯ ಸುಮಾರು ಅರ್ಧ ತೂಕ. ರೀಲೋಡಿಂಗ್ ತಕ್ಕಡಿ ಇದರ ಹತ್ತರಲ್ಲೊಂದು ಭಾಗವನ್ನು, ಅಂದರೆ ಆರೂವರೆ ಮಿಲಿಗ್ರಾಮನ್ನು ನಂಬಿಕೆಯಿಂದ ಹಿಡಿಯಬೇಕು. ಫ್ಯಾನಿನ ಗಾಳಿಗೇ ಅಷ್ಟು ತೂಕ ತಪ್ಪಿಸುವ ಶಕ್ತಿ ಇದೆ ಎಂಬುದು ನೆನಪಿದ್ದರೆ ಮುಂದಿನ ಅರ್ಧ ಸಮಸ್ಯೆ ತಾನಾಗಿಯೇ ಅರ್ಥವಾಗುತ್ತದೆ.

ಆ 0.1 ಗ್ರೇನ್ ಎಲ್ಲರಿಗೂ ಒಂದೇ ಅಲ್ಲ. ನಲವತ್ತು ಗ್ರೇನ್ ಹಿಡಿಸುವ ರೈಫಲ್ ತೋಟಾದಲ್ಲಿ 0.1 ತಪ್ಪಿದರೆ ಕಾಲು ಶೇಕಡಾ. ನಾಲ್ಕು ಗ್ರೇನ್ ಹಿಡಿಸುವ ಪಿಸ್ತೂಲು ತೋಟಾದಲ್ಲಿ ಅದೇ ತಪ್ಪು ಶೇ. 2.5. ಕೆಲವು ಪಿಸ್ತೂಲು ತೋಟಾಗಳಲ್ಲಿ ಕೈಪಿಡಿ ಕೊಡುವ ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವಿನ ಅಂತರವೇ ಅರ್ಧ ಗ್ರೇನಿನ ಆಸುಪಾಸು. ಹಾಗಾಗಿ ದುಬಾರಿ ತಕ್ಕಡಿ ದೂರ ಹೊಡೆಯುವ ರೈಫಲ್‌ನವರಿಗೆ, ಪಿಸ್ತೂಲಿಗೆ ಏನಾದರೂ ನಡೆಯುತ್ತದೆ ಎನ್ನುವುದು ತಲೆಕೆಳಗಾದ ಮಾತು. ರೈಫಲ್‌ನವರಿಗೆ ಬೇಕಿರುವುದು ಸೂಕ್ಷ್ಮತೆ, ಪಿಸ್ತೂಲಿನವರಿಗೆ ಬೇಕಿರುವುದು ನಂಬಿಕೆ.

ಕೊಳ್ಳುವಾಗ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ತೆರೆ ಎಷ್ಟು ಸಣ್ಣ ಅಂಕೆ ತೋರಿಸುತ್ತದೆ ಎಂಬುದು. ಐದು ಗುಣಗಳಲ್ಲಿ ಅದಕ್ಕೆ ಕೊನೆಯ ಸ್ಥಾನ. ಒಂದೇ ವಸ್ತುವನ್ನು ಹತ್ತು ಸಲ ಇಟ್ಟರೆ ಹತ್ತೂ ಸಲ ಒಂದೇ ಅಂಕೆ ಬರುತ್ತದೆಯೆ ಎಂಬುದು ಮೊದಲನೆಯದು. ತೂಕ ತೆಗೆದ ಮೇಲೆ ಸೊನ್ನೆಗೆ ಮರಳುತ್ತದೆಯೆ, ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆಯೆ ಎಂಬುದು ಎರಡನೆಯದು. ಮದ್ದನ್ನು ಚೂರುಚೂರೇ ಉದುರಿಸುವ ಟ್ರಿಕ್ಲರ್ ಎಂಬ ಸಾಧನದಿಂದ ಮದ್ದಿನ ಒಂದೊಂದೇ ಕಾಳು ಬೀಳುವಾಗ ಅದನ್ನು ಗಮನಿಸುತ್ತದೆಯೆ ಎಂಬುದು ಮೂರನೆಯದು. ಬಹಳ ಜನ ಎಡವುವುದು ಇಲ್ಲೇ. ಬೇರೆ ಬೇರೆ ತೂಕಗಳಲ್ಲೂ ನಿಜವನ್ನೇ ಹೇಳುತ್ತದೆಯೆ ಎಂಬುದು ನಾಲ್ಕನೆಯದು. ಇವೆಲ್ಲ ಸರಿ ಇದ್ದ ಮೇಲೆ ಅಂಕೆಯ ಸೂಕ್ಷ್ಮತೆ.

±0.1 ಗ್ರೇನ್ ಎಂದು ಬರೆದಿರುವ ತಕ್ಕಡಿಯ ಅರ್ಥವನ್ನೂ ಬಿಡಿಸಿ ನೋಡಿ. ತೆರೆ 42.0 ಎಂದಾಗ ತಟ್ಟೆಯಲ್ಲಿ 41.9 ಇರಬಹುದು, 42.1 ಇರಬಹುದು. ಒಂದೇ ಅಂಕೆ ತೋರಿಸಿದ ಎರಡು ತೋಟಾಗಳ ನಡುವೆ 0.2 ವ್ಯತ್ಯಾಸ ಬಂದರೂ ತಕ್ಕಡಿ ಕೊಟ್ಟ ಮಾತಿಗೆ ತಪ್ಪಿದಂತಾಗಲಿಲ್ಲ. ಗರಿಷ್ಠದ ಅಂಚಿಗೆ ಅಂಟಿಕೊಂಡು ತುಂಬುವವರು ಇದನ್ನು ಮರೆಯಬಾರದು.

ಮೊದಲ ಖರ್ಚು: ತೂಕದ ಬಟ್ಟುಗಳು

ಹೊಸ ತಕ್ಕಡಿಯ ಯೋಚನೆಗೆ ಮುಂಚೆ ಒಂದು ಸೆಟ್ ಬಟ್ಟು ಕೊಳ್ಳಿ. ತಕ್ಕಡಿಯ ಜೊತೆ ಬರುವ 50 ಅಥವಾ 100 ಗ್ರಾಂ ಬಟ್ಟಿನಿಂದ ಕ್ಯಾಲಿಬ್ರೇಶನ್ (ತಕ್ಕಡಿಗೆ ಸರಿಯಾದ ತೂಕ ಯಾವುದೆಂದು ಕಲಿಸುವುದು) ಆಗುತ್ತದೆ, ಪರೀಕ್ಷೆ ಆಗುವುದಿಲ್ಲ. 50 ಗ್ರಾಂ ಎಂದರೆ 771 ಗ್ರೇನ್. ನೀವು ತೂಗುವುದು ನಾಲ್ಕರಿಂದ ಎಂಬತ್ತು ಗ್ರೇನ್. ಬೇಕಿರುವುದು 1, 2, 5, 10, 20 ಗ್ರಾಮಿನ ಬಟ್ಟುಗಳು. ಗ್ರೇನಿನಲ್ಲಿ ಅವು ಕ್ರಮವಾಗಿ 15.43, 30.86, 77.16, 154.32, 308.65. ಈ ಐದು ಅಂಕೆಗಳನ್ನು ಚೀಟಿಯಲ್ಲಿ ಬರೆದು ಬೆಂಚಿನ ಮುಂದೆ ಅಂಟಿಸಿಬಿಡಿ.

ಓಐಎಂಎಲ್ ಎಂಬ ಅಂತರರಾಷ್ಟ್ರೀಯ ಅಳತೆ ಸಂಸ್ಥೆಯ ದರ್ಜೆಯಲ್ಲಿ ಎಂ1 ಎಂದಿರುವ 2 ಗ್ರಾಂ ಬಟ್ಟು 1.2 ಮಿಲಿಗ್ರಾಮಿಗಿಂತ ಹೆಚ್ಚು ತಪ್ಪಿರಬಾರದು. ಅದು 0.02 ಗ್ರೇನಿಗೂ ಸ್ವಲ್ಪ ಕಡಿಮೆ, 0.1 ತೋರಿಸುವ ತಕ್ಕಡಿಗೆ ಧಾರಾಳ ಸಾಕು. 0.02 ತೋರಿಸುವ ತಕ್ಕಡಿ ಇದ್ದರೆ ಎಫ್1 ಬೇಕು; ಅದರಲ್ಲಿ 2 ಗ್ರಾಂ ಬಟ್ಟು ತಪ್ಪಬಹುದಾದದ್ದು ಹೆಚ್ಚೆಂದರೆ 0.12 ಮಿಲಿಗ್ರಾಂ. ದರ್ಜೆಯೇ ಬರೆಯದ ಅಗ್ಗದ ಬಟ್ಟು ಬೇಡ. ಬೆರಳಿನ ಎಣ್ಣೆ ಅಂಟಿ ತೂಕ ಏರುತ್ತದೆ, ಆದ್ದರಿಂದ ಚಿಮಟದಿಂದ ಹಿಡಿಯಿರಿ.

ಬಟ್ಟಿನ ಬದಲು ನಾಣ್ಯ ಇಡುವ ಅಭ್ಯಾಸ ಕೆಲವರಿಗಿದೆ. ಅಮೆರಿಕದ ನಿಕ್ಕಲ್ ನಾಣ್ಯದ ತೂಕ 5 ಗ್ರಾಂ ಎನ್ನುವುದು ನಿಜ. ಆದರೆ ಟಂಕಸಾಲೆ ಅದರ ತೂಕದಲ್ಲಿ ಬಿಟ್ಟುಕೊಂಡಿರುವ ಹೆಚ್ಚುಕಡಿಮೆ ಸುಮಾರು 0.19 ಗ್ರಾಂ, ಅಂದರೆ ಮೂರು ಗ್ರೇನ್. ಅದನ್ನು ನಂಬಿ ಪಿಸ್ತೂಲಿಗೆ ಮದ್ದು ತೂಗುವುದು ಹುಚ್ಚುತನ. ಅದೇ ನಾಣ್ಯವನ್ನಾಗಲಿ ಒಂದು ಬುಲೆಟ್ಟನ್ನಾಗಲಿ ನಿನ್ನೆಗೂ ಇವತ್ತಿಗೂ ತಕ್ಕಡಿ ಬದಲಾಯಿತೆ ಎಂದು ನೋಡಲು ಬಳಸಬಹುದು, ಅಷ್ಟೇ.

ತಪ್ಪು ತಕ್ಕಡಿಯದೋ, ಕೋಣೆಯದೋ

ಸಾಮಾನ್ಯ ಎಲೆಕ್ಟ್ರಾನಿಕ್ ತಕ್ಕಡಿ ಸ್ಟ್ರೇನ್ ಗೇಜ್ ಜಾತಿಯದು. ಅದರ ಒಳಗೆ ಒಂದು ಅಲ್ಯೂಮಿನಿಯಂ ಪಟ್ಟಿ ಇದೆ. ತೂಕ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಮೇಲೆ ಅಂಟಿಸಿದ ಲೋಹದ ಹಾಳೆಯ ರೋಧಕಗಳು ಆ ಬಾಗನ್ನು ವಿದ್ಯುತ್ ಸಂಕೇತವಾಗಿಸುತ್ತವೆ. ಬಿಸಿಯಾದರೆ ಲೋಹ ಹಿಗ್ಗುತ್ತದೆ, ರೋಧ ಬದಲಾಗುತ್ತದೆ, ಅಂಟು ನಿಧಾನಕ್ಕೆ ಜಾರುತ್ತದೆ. ಇಷ್ಟು ತಿಳಿದಿದ್ದರೆ ತಕ್ಕಡಿಯ ತರಲೆಗಳನ್ನು ಓದಲು ಬರುತ್ತದೆ.

ತಕ್ಕಡಿಯ ಸ್ವಿಚ್ ಹಾಕಿ ಅರ್ಧ ಗಂಟೆ ಬಿಡಿ. ಚಳಿಯ ಗ್ಯಾರೇಜಿನಿಂದ ಒಳಗೆ ತಂದಿದ್ದರೆ ಒಂದೆರಡು ಗಂಟೆ. ಆ ಬಳಿಕವೇ ಕ್ಯಾಲಿಬ್ರೇಶನ್. ತಣ್ಣಗಿದ್ದಾಗ ಕ್ಯಾಲಿಬ್ರೇಟ್ ಮಾಡಿ, ಬೆಚ್ಚಗಾಗುತ್ತಾ ತೂಗಿದರೆ ತಪ್ಪನ್ನು ನೀವೇ ಅದಕ್ಕೆ ಕಲಿಸಿದ ಹಾಗಾಯಿತು. ಕೆಲವು ಸಣ್ಣ ತಕ್ಕಡಿಗಳು ಬ್ಯಾಟರಿ ಉಳಿಸಲೆಂದು ಎರಡು ಮೂರು ನಿಮಿಷಕ್ಕೇ ತಾವಾಗಿ ಆರಿಹೋಗುತ್ತವೆ. ಅಂಥವು ಎಂದೂ ಬೆಚ್ಚಗಾಗುವುದೇ ಇಲ್ಲ. ಆರದಂತೆ ಮಾಡುವ ಆಯ್ಕೆ ಮೆನುವಿನಲ್ಲಿ ಇಲ್ಲದಿದ್ದರೆ ಅದನ್ನು ಈ ಕೆಲಸಕ್ಕೆ ಲೆಕ್ಕದಿಂದ ಬಿಟ್ಟುಬಿಡಿ.

ಮುಂದಿನದು ತಟ್ಟೆಯ ಪರೀಕ್ಷೆ. ತಟ್ಟೆ ಇಟ್ಟು ಸೊನ್ನೆ ಮಾಡಿ, ಬಳಿಕ ತಟ್ಟೆ ಎತ್ತಿ. ತೆರೆಯಲ್ಲಿ -152.3 ಎಂಬಂಥ ಋಣ ಅಂಕೆ ಬರುತ್ತದೆ. ಅದನ್ನು ಟೇಪಿನ ಮೇಲೆ ಬರೆದು ತಕ್ಕಡಿಗೇ ಅಂಟಿಸಿ. ಪ್ರತಿ ತೋಟಾಗೆ ಮದ್ದು ಸುರಿಯಲು ತಟ್ಟೆ ಎತ್ತಿದಾಗಲೆಲ್ಲ ಆ ಅಂಕೆ ಕಣ್ಣ ಮುಂದೆ ಬರುತ್ತದೆ. -152.3 ಇದ್ದದ್ದು -152.1 ಆಯಿತೆಂದರೆ ಅಲ್ಲೇ ನಿಲ್ಲಿಸಿ, ಮತ್ತೆ ಸೊನ್ನೆ ಮಾಡಿ, ಹಿಂದಿನ ಮೂರು ನಾಲ್ಕು ತೋಟಾಗಳ ಮದ್ದನ್ನು ಮತ್ತೆ ತೂಗಿ. ಕಾಸು ಖರ್ಚಿಲ್ಲದ ಕಾವಲು ಇದು. ದುಬಾರಿ ತಕ್ಕಡಿ ಇರುವವರೂ ಬಿಡಬಾರದು.

ನಂತರ 2 ಗ್ರಾಂ ಬಟ್ಟನ್ನು ತಟ್ಟೆಯ ನಡುವೆ ಹತ್ತು ಸಲ ಇಟ್ಟು ತೆಗೆಯಿರಿ, ಅಂಕೆಗಳನ್ನು ಬರೆದುಕೊಳ್ಳಿ. ಅವು ಹೇಗೆ ಅಲೆದಾಡುತ್ತವೆ ಎಂಬುದರಲ್ಲೇ ಕಾರಣ ಸಿಗುತ್ತದೆ.

ಅಂಕೆ ಒಂದೇ ದಿಕ್ಕಿಗೆ ಜಾರುತ್ತಾ ಹೋದರೆ ಕಾರಣ ಶಾಖ. ಕಿಟಕಿಯ ಬಿಸಿಲು, ಹತ್ತಿರದ ದೀಪ, ಹೀಟರ್, ಅಥವಾ ತಕ್ಕಡಿಯೇ ಇನ್ನೂ ಬೆಚ್ಚಗಾಗುತ್ತಿದೆ. ಮೇಲಕ್ಕೂ ಕೆಳಕ್ಕೂ ಹಾರಾಡಿದರೆ ಗಾಳಿ, ಅದುರು, ಇಲ್ಲವೇ ವಿದ್ಯುತ್ ಗದ್ದಲ. ಏಸಿಯ ಗಾಳಿಕಿಂಡಿ ಮುಚ್ಚಿ, ಫ್ಯಾನ್ ಆರಿಸಿ, ತಕ್ಕಡಿಯ ಸುತ್ತ ರಟ್ಟಿನ ಮೂರು ಗೋಡೆ ನಿಲ್ಲಿಸಿ ನೋಡಿ. ತೋಟಾ ಒತ್ತಿ ಜೋಡಿಸುವ ಪ್ರೆಸ್ ಇರುವ ಬೆಂಚಿನ ಮೇಲೇ ತಕ್ಕಡಿ ಇದ್ದರೆ ಹಿಡಿಕೆ ಎಳೆದಾಗಲೆಲ್ಲ ಬೆಂಚು ಬಾಗುತ್ತದೆ. ಬೇರೆ ಗಟ್ಟಿ ಮೇಜು, ಅದರ ಮೇಲೊಂದು ಗ್ರಾನೈಟ್ ತುಂಡು ಆದರೆ ಸಾಕು. ಫೋನನ್ನು ತಕ್ಕಡಿಯಿಂದ ದೂರವಿಡಿ. ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಡ್ರೈವರ್, ಮೊಬೈಲ್ ಚಾರ್ಜರ್ ಇವು ಇರುವ ಸಾಕೆಟ್ ಬಿಟ್ಟು ಬೇರೆಯದಕ್ಕೆ ಹಾಕಿ. ಬ್ಯಾಟರಿಯಲ್ಲಿ ಸ್ಥಿರವಾಗಿ ನಿಂತು ಅಡಾಪ್ಟರಿನಲ್ಲಿ ಕುಣಿದರೆ ತಪ್ಪು ಅಡಾಪ್ಟರಿನದೇ.

ಕೈ ಹತ್ತಿರ ತಂದರೆ ಅಂಕೆ ಬದಲಾಗುತ್ತದೆ, ಪ್ಲಾಸ್ಟಿಕ್ ಫನೆಲ್ ಇಟ್ಟರೆ ಜಿಗಿಯುತ್ತದೆ, ಕಾಳುಗಳು ತಟ್ಟೆಯ ಅಂಚಿಗೆ ಅಂಟಿಕೊಳ್ಳುತ್ತವೆ ಎಂದರೆ ಸ್ಥಿರವಿದ್ಯುತ್ತು. ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿ ಕೂತರೆ ಗಾಳಿ ಒಣಗಿ ಈ ಕಾಟ ಜಾಸ್ತಿ. ಕೋಣೆಯ ತೇವಾಂಶವನ್ನು ಶೇ. 40ರಿಂದ 50ಕ್ಕೆ ಏರಿಸಿ, ಲೋಹದ ತಟ್ಟೆ ಬಳಸಿ. ಫನೆಲ್ಲನ್ನೂ ಡಿಸ್ಪೆನ್ಸರಿನ ಕೊಳವೆಯನ್ನೂ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಡ್ರೈಯರ್ ಶೀಟಿನಿಂದ ಒರೆಸಿದರೂ ತಾತ್ಕಾಲಿಕವಾಗಿ ನಡೆಯುತ್ತದೆ.

ಬಟ್ಟನ್ನು ನಡುವೆ ಇಟ್ಟರೆ ಒಂದು, ಅಂಚಿಗೆ ಇಟ್ಟರೆ ಇನ್ನೊಂದು ಅಂಕೆ ಬಂದರೆ ಮೊದಲು ತಟ್ಟೆ ಕೂರುವ ಪ್ಲಾಟ್‌ಫಾರ್ಮ್ ತೆಗೆದು ಅಡಿಯಲ್ಲಿ ನೋಡಿ. ಸಿಡಿದ ಕಾಳೊಂದು ಅಲ್ಲಿ ಸಿಕ್ಕಿಕೊಂಡಿರುವ ಸಾಧ್ಯತೆ ಸಾಕಷ್ಟಿದೆ. ಮೆತ್ತನೆ ಕುಂಚದಿಂದ ತೆಗೆಯಿರಿ, ಊದಬೇಡಿ. ಊದಿದರೆ ಇನ್ನೂ ಒಳಕ್ಕೆ ಹೋಗುತ್ತದೆ. ಮಟ್ಟ ತೋರಿಸುವ ನೀರುಗುಳ್ಳೆ ಇದ್ದರೆ ಮಟ್ಟವನ್ನೂ ಸರಿಮಾಡಿ.

ಈಗ ಐದೂ ಬಟ್ಟುಗಳ ಸರದಿ. ಎಲ್ಲವೂ ಒಂದೇ ಪ್ರಮಾಣದಲ್ಲಿ ಹೆಚ್ಚೋ ಕಡಿಮೆಯೋ ತೋರಿಸಿದರೆ ಕ್ಯಾಲಿಬ್ರೇಶನ್ ತಪ್ಪಿದೆ, ಮತ್ತೆ ಮಾಡಿದರೆ ಮುಗಿಯಿತು. ಸೊನ್ನೆಯೂ ಸರಿ, ಕ್ಯಾಲಿಬ್ರೇಶನ್ ಬಟ್ಟೂ ಸರಿ, ನಡುವಿನ 2 ಗ್ರಾಂ, 5 ಗ್ರಾಂ ಮಾತ್ರ ತಪ್ಪು ಎಂದರೆ ಪಟ್ಟಿಯೇ ಸೋತಿದೆ. ಮೇಲೆ ಡಬ್ಬಿ ಒರಗಿಸಿ ಇಟ್ಟದ್ದು, ಬೆರಳಿನಿಂದ ಒತ್ತಿದ್ದು, ಸಾಗಣೆಯ ಲಾಕ್ ಹಾಕದೆ ಒಯ್ದದ್ದು, ಹೀಗೆ ಅಳತೆ ಮೀರಿದ ಭಾರ ಬಿದ್ದು ಆಗುವ ಗತಿ ಇದು. ಇದಕ್ಕೆ ಮನೆಮದ್ದಿಲ್ಲ. ತೂಕ ತೆಗೆದ ಮೇಲೆ ಪ್ರತಿ ಸಲವೂ ಸೊನ್ನೆಗೆ ಬರದೆ ಅಷ್ಟಷ್ಟೇ ಮೇಲೆ ನಿಲ್ಲುತ್ತಿದ್ದು, ಅಡಿಯಲ್ಲಿ ಕಸವೂ ಇಲ್ಲವೆಂದಾದರೂ ಅದೇ ತೀರ್ಪು.

ಕೊನೆಯ ಪರೀಕ್ಷೆ ಕಾಳಿನದು. ಮೇಲಿನದೆಲ್ಲ ಪಾಸಾದ ತಕ್ಕಡಿಯೂ ಇದರಲ್ಲಿ ಬೀಳಬಹುದು. ಎಲೆಕ್ಟ್ರಾನಿಕ್ ತಕ್ಕಡಿಗಳಿಗೆ ಸೊನ್ನೆಯನ್ನು ತಾವೇ ಹಿಂಬಾಲಿಸುವ ಗುಣವಿದೆ: ಸೊನ್ನೆಯ ಹತ್ತಿರ ನಿಧಾನವಾಗಿ ಆಗುವ ಬದಲಾವಣೆಯನ್ನೆಲ್ಲ ಶಾಖದ ಜಾರಿಕೆ ಎಂದು ತಿಳಿದು ಅಳಿಸಿಹಾಕುತ್ತವೆ. ಕಡ್ಡಿಯಂಥ ಮದ್ದಿನ ಒಂದು ಕಾಳು ಸುಮಾರು 0.02ರಿಂದ 0.03 ಗ್ರೇನ್. ಖಾಲಿ ತಟ್ಟೆಗೆ ಒಂದೊಂದೇ ಕಾಳು ಉದುರಿಸಿದರೆ ತಕ್ಕಡಿ ಅವನ್ನೆಲ್ಲ ನುಂಗಿಕೊಂಡು ಸೊನ್ನೆ ಎಂದೇ ಕೂತಿರುತ್ತದೆ. ಕೆಲವು ತಕ್ಕಡಿಗಳು ಅಂಕೆ ಸ್ಥಿರವಾದ ಮೇಲೆ ಸೊನ್ನೆಯಿಂದ ದೂರವಿದ್ದರೂ ಇದೇ ಆಟ ಆಡುತ್ತವೆ. 30 ಗ್ರೇನ್ ಮದ್ದು ಹಾಕಿ, ಹತ್ತು ಸೆಕೆಂಡು ನಿಲ್ಲಿಸಿ, ನಿಧಾನಕ್ಕೆ ಹತ್ತು ಕಾಳು ಒಂದೊಂದಾಗಿ ಬಿಡಿ. ಎರಡು ಮೂರು ಹೆಜ್ಜೆ ಏರಬೇಕು. ಏರದೆ, ತಟ್ಟೆ ಎತ್ತಿ ಇಟ್ಟಾಗ ಮಾತ್ರ ಏರಿದರೆ ನಿಮ್ಮ ತಕ್ಕಡಿ ಟ್ರಿಕ್ಲರಿಗೆ ಲಾಯಕ್ಕಲ್ಲ. ಹೀಗೆ ನುಂಗಿದ ಕಾಳುಗಳಿಂದ ಆಗುವ ತಪ್ಪು ಯಾವಾಗಲೂ ಹೆಚ್ಚಿನ ಕಡೆಗೇ ಎಂಬುದು ಇದರ ನಿಜವಾದ ಅಪಾಯ. ದಾರಿ ಇಲ್ಲವೆಂದಲ್ಲ. ನೂರಕ್ಕೆ ತೊಂಬತ್ತು ಪಾಲನ್ನು ಒಮ್ಮೆಲೇ ಸುರಿದು, ಸ್ವಲ್ಪ ಸೇರಿಸಿದಾಗಲೆಲ್ಲ ತಟ್ಟೆ ಎತ್ತಿ ಇಟ್ಟು ಓದಬಹುದು. ಆದರೆ ನೂರು ತೋಟಾಗೆ ಹಾಗೆ ಮಾಡುವ ತಾಳ್ಮೆ ಯಾರಿಗಿದೆ?

ಐದು ದಾರಿಗಳು

*ಜೇಬಿನ ತಕ್ಕಡಿ, 20ರಿಂದ 40 ಡಾಲರ್.* ಇದರಲ್ಲಿ ಎರಡು ಜಾತಿ. 0.01 ಗ್ರಾಂ ತೋರಿಸುವುದು ಒಂದು. 0.01 ಗ್ರಾಂ ಎಂದರೆ 0.15 ಗ್ರೇನ್, ಗುಂಡಿ ಒತ್ತಿ ಗ್ರೇನಿಗೆ ಬದಲಿಸಿದರೆ ತೆರೆ ಹತ್ತರಲ್ಲೊಂದು ತೋರಿಸಿದಂತೆ ನಟಿಸುತ್ತದೆ, ನಡುವಿನ ಅಂಕೆಗಳು ಬರುವುದೇ ಇಲ್ಲ. ಮದ್ದಿಗೆ ಇದು ಬೇಡವೇ ಬೇಡ. ಬುಲೆಟ್, ಖಾಲಿ ಕೇಸು ವಿಂಗಡಿಸಲು ಆದೀತು. 0.001 ಗ್ರಾಂ ತೋರಿಸುವುದು ಇನ್ನೊಂದು. ಕಾಗದದ ಮೇಲೆ ಅದ್ಭುತ, ಕೈಗೆ ಬಂದಾಗ ಗಾಳಿಗೂ ಶಾಖಕ್ಕೂ ಬೆದರುವ ಪ್ರಾಣಿ. 20 ಗ್ರಾಂ ಸಾಮರ್ಥ್ಯದ್ದಾದರೆ ಒಟ್ಟು 308 ಗ್ರೇನ್ ಮಾತ್ರ, ಅದರಲ್ಲಿ ತಟ್ಟೆಯ ತೂಕವೂ ಸೇರಿತು. ಎರಡನೆಯ ಅಭಿಪ್ರಾಯಕ್ಕೆಂದು ಇಟ್ಟುಕೊಳ್ಳಬಹುದು, ಏಕೈಕ ತಕ್ಕಡಿಯಾಗಿ ಅಲ್ಲ.

*ಬೆಂಚಿನ ಎಲೆಕ್ಟ್ರಾನಿಕ್ ತಕ್ಕಡಿ, 60ರಿಂದ 150 ಡಾಲರ್.* ಹಾರ್ನಡಿ, ಲೈಮನ್, ಆರ್‌ಸಿಬಿಎಸ್‌ ತರದವರು ಮಾರುವ, 0.1 ಗ್ರೇನ್ ತೋರಿಸುವ ಸ್ಟ್ರೇನ್ ಗೇಜ್ ತಕ್ಕಡಿಗಳು. ನಿಮ್ಮ ಬಳಿ ಈಗ ಇರುವುದು ಬಹುಶಃ ಇದೇ. ಒಳಗಿನ ತತ್ವ ಜೇಬಿನದರಂತೆಯೇ. ಮೈ ಭಾರ, ಪ್ಲಾಟ್‌ಫಾರ್ಮ್ ದೊಡ್ಡದು, ಅಡಾಪ್ಟರ್ ಇದೆ, ತಾನಾಗಿ ಆರುವುದನ್ನು ಸಾಮಾನ್ಯವಾಗಿ ನಿಲ್ಲಿಸಬಹುದು. ವಾಲ್ಯೂಮಿನ ಮೇಲೆ ಸುರಿಯುವ ಪೌಡರ್ ಮೆಜರ್ ಬಳಸಿ, ಪ್ರತಿ ಹತ್ತನೆಯದನ್ನು ತೂಗಿ ನೋಡುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ, ಮೇಲಿನ ಪರೀಕ್ಷೆಗಳಲ್ಲಿ ಪಾಸಾದರೆ. ಕಾಳಿನ ಪರೀಕ್ಷೆಯಲ್ಲಿ ಬಿದ್ದರೂ ಈ ಕೆಲಸಕ್ಕೆ ತೊಂದರೆಯಿಲ್ಲ, ಏಕೆಂದರೆ ಇಲ್ಲಿ ಮದ್ದು ಒಮ್ಮೆಲೇ ಬಂದು ಬೀಳುತ್ತದೆ. ಹಳೆಯದು ಪಾಸಾಗುತ್ತಿದ್ದರೆ ಅದೇ ಬೆಲೆಯ ಹೊಸದಕ್ಕೆ ಬದಲಿಸಬೇಡಿ, ಏನೂ ಗಿಟ್ಟುವುದಿಲ್ಲ.

*ಬೀಮ್ ತಕ್ಕಡಿ, ಹೆಚ್ಚಿನವು ಸುಮಾರು 100 ಡಾಲರಿನಿಂದ.* ಹಿಂದುಳಿದದ್ದು ಎಂದು ಮೂಗು ಮುರಿಯುವವರು ಇದನ್ನೊಮ್ಮೆ ಸರಿಯಾಗಿ ನೋಡಬೇಕು. ವಿದ್ಯುತ್ತಿಲ್ಲ, ಬೆಚ್ಚಗಾಗಬೇಕಿಲ್ಲ, ಫೋನಿನ ಹಂಗಿಲ್ಲ, ಸೊನ್ನೆಯನ್ನು ಹಿಂಬಾಲಿಸುವ ಜಾಣತನವಿಲ್ಲ. ಇದು ತೂಕವನ್ನು ತೂಕಕ್ಕೇ ಹೋಲಿಸುವುದರಿಂದ ಭೂಮಿಯ ಗುರುತ್ವ ಊರಿಂದೂರಿಗೆ ಬದಲಾದರೂ ಲೆಕ್ಕ ಕೆಡುವುದಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ಮಯಾಮಿಯಲ್ಲಿ ಕ್ಯಾಲಿಬ್ರೇಟ್ ಮಾಡಿ ಅಲಾಸ್ಕಾದ ಆಂಕರೇಜಿಗೆ ಒಯ್ದು ಹಾಗೇ ಬಳಸಿದರೆ ನಲವತ್ತು ಗ್ರೇನಿಗೆ 0.1 ಹೆಚ್ಚು ತೋರಿಸುತ್ತದೆ. ಮನೆ ಬದಲಿಸಿದವರು ಕ್ಯಾಲಿಬ್ರೇಶನ್ ಮರೆತರೆ ಇದೇ ಗತಿ.

ಓಹೌಸ್ ಕಂಪನಿ ಆರ್‌ಸಿಬಿಎಸ್‌ಗೆ ಮಾಡಿಕೊಡುತ್ತಿದ್ದ 5-0-5 ಮತ್ತು 10-10 ಮಾದರಿಗಳಿಗೆ ಇಂದಿಗೂ ಬಳಸಿದ ಸಾಮಾನಿನ ಪೇಟೆಯಲ್ಲಿ ಗಿರಾಕಿಗಳಿದ್ದಾರೆ. 5-0-5ರ ಸಾಮರ್ಥ್ಯ 511 ಗ್ರೇನ್, 10-10ರದು 1010. ಹಳೆಯದನ್ನು ಕೊಳ್ಳುವಾಗ ಬೀಮಿನ ಎರಡೂ ಬದಿಯ ಚಾಕುವಿನಂಥ ಅಂಚು ನೋಡಿ: ತುಕ್ಕಾಗಲಿ ಮುಕ್ಕಾಗಲಿ ಇರಬಾರದು. ಅದು ಕೂರುವ ಕಲ್ಲಿನ ಬೇರಿಂಗ್ ಬಿರುಕು ಬಿಟ್ಟಿರಬಾರದು. ಬೀಮನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ತೂಗಾಡಿ, ಪ್ರತಿ ಸಲ ಅದೇ ಗೆರೆಗೆ ಬಂದು ನಿಲ್ಲಬೇಕು. ಬೇರಿಂಗಿಗೆ ಎಣ್ಣೆ ಹಾಕಲೇಬಾರದು; ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ತೂಗಾಟ ತಡೆಯಲು ತುದಿಯ ತಾಮ್ರದ ಪಟ್ಟಿಯ ಎರಡೂ ಕಡೆ ಅಯಸ್ಕಾಂತ ಇರುತ್ತದೆ. ಅಲ್ಲಿ ಕಬ್ಬಿಣದ ಚೂರು ಅಂಟಿದ್ದರೆ ತಕ್ಕಡಿ ಮಂಕಾಗುತ್ತದೆ, ಟೇಪಿನಿಂದ ಕಿತ್ತು ತೆಗೆಯಿರಿ.

ಚೆನ್ನಾಗಿ ಇಟ್ಟ ಬೀಮ್ ತಕ್ಕಡಿ ಒಂದೇ ಕಾಳಿಗೆ ಕದಲುತ್ತದೆ. ಸೂಜಿ ಓದಲು ಕಣ್ಣು ಅದರ ಮಟ್ಟಕ್ಕೇ ಇರಬೇಕು. ಬಗ್ಗಲಾರದವರು ಫೋನಿನ ಕ್ಯಾಮೆರಾವನ್ನು ಸೂಜಿಯ ಎದುರು ನಿಲ್ಲಿಸಿ ತೆರೆಯಲ್ಲಿ ನೋಡಬಹುದು. ದೋಷ ಎರಡು. ನಿಧಾನ ಒಂದು. ಇನ್ನೊಂದು ಗಂಭೀರ: ದೊಡ್ಡ ಜಾರುತೂಕ ಪಕ್ಕದ ಕಚ್ಚಿನಲ್ಲಿ ಕೂತರೆ ಒಮ್ಮೆಲೇ 5 ಅಥವಾ 10 ಗ್ರೇನ್ ವ್ಯತ್ಯಾಸ, ಎಚ್ಚರಿಸಲು ತೆರೆ ಇಲ್ಲ. ಕೂರಿಸಿದ ಮೇಲೆ ಹತ್ತಿರದ ಬಟ್ಟು ಇಟ್ಟು ನೋಡುವುದು ಕಡ್ಡಾಯ.

*ತಾನೇ ತೂಗುವ ಡಿಸ್ಪೆನ್ಸರ್, 250ರಿಂದ 400 ಡಾಲರ್.* ಆರ್‌ಸಿಬಿಎಸ್‌ನ ಚಾರ್ಜ್‌ಮಾಸ್ಟರ್ ಲೈಟ್, ಫ್ರಾಂಕ್‌ಫರ್ಡ್ ಆರ್ಸೆನಲ್‌ನ ಇಂಟೆಲಿಡ್ರಾಪರ್ ಈ ಸಾಲಿನವು. ಕೊಳ್ಳುವುದು ವೇಗವನ್ನು, ನಿಖರತೆಯನ್ನಲ್ಲ ಎಂಬುದು ಸ್ಪಷ್ಟವಿರಲಿ. ಒಳಗಿರುವುದು ಅದೇ ಸ್ಟ್ರೇನ್ ಗೇಜ್, ಅದೇ ±0.1. ಆದ್ದರಿಂದ ಅಲೆದಾಡುವ ಬೆಂಚಿನ ತಕ್ಕಡಿಗೆ ಇದು ಪರಿಹಾರವಲ್ಲ. ಅದೇ ಗಾಳಿ, ಅದೇ ಸಾಕೆಟ್, ಅದೇ ಒಣ ಹವೆ ಇದನ್ನೂ ಕೆಡಿಸುತ್ತದೆ. ಮೋಟರಿನ ಅದುರು ಬೇರೆ. ಉದ್ದ ಕಡ್ಡಿಯ ಮದ್ದು ಕೊಳವೆಯ ಬಾಯಲ್ಲಿ ಗುಂಪುಗೂಡಿ ಕೊನೆಗೆ ಒಟ್ಟಿಗೆ ಬಿದ್ದು 0.2 ಹೆಚ್ಚಾಗುವುದು ಇವುಗಳ ಹಳೆಯ ಕಾಯಿಲೆ. ಕೊಳವೆಯ ಬಾಯಿಗೆ ಒಂದಿಂಚು ಸ್ಟ್ರಾ ತುಂಡು ಸಿಕ್ಕಿಸಿ ಅದನ್ನು ಕಡಿಮೆ ಮಾಡುವವರಿದ್ದಾರೆ. ಹೆಚ್ಚಾಯಿತು ಎಂದು ಯಂತ್ರ ಕೂಗಿದರೆ ಕಾಳು ಹೆಕ್ಕುತ್ತಾ ಕೂರದೆ ತಟ್ಟೆಯಲ್ಲಿರುವುದನ್ನು ಹಾಪರಿಗೇ (ಯಂತ್ರದ ಮದ್ದಿನ ಡಬ್ಬಿಗೇ) ಸುರಿದು ಮತ್ತೆ ಹಾಕಿಸಿ. ಕೆಲಸ ಮುಗಿದ ಮೇಲೆ ಮದ್ದನ್ನು ಹಾಪರಿನಲ್ಲೇ ಬಿಡಬೇಡಿ. ಪ್ಲಾಸ್ಟಿಕ್ ಕೆಡುತ್ತದೆ, ಅದಕ್ಕಿಂತ ಮುಖ್ಯವಾಗಿ, ಮುಂದಿನ ವಾರ ಅದು ಯಾವ ಮದ್ದು ಎಂಬುದು ನೆನಪಿರುವುದಿಲ್ಲ.

ಆರ್‌ಸಿಬಿಎಸ್‌ನ ಮ್ಯಾಚ್‌ಮಾಸ್ಟರ್ ಈ ಗುಂಪಿಗೂ ಮುಂದಿನದಕ್ಕೂ ನಡುವಿನದು. ಅದರ ಸೂಕ್ಷ್ಮ ವಿಧಾನಕ್ಕೆ ಕಂಪನಿ ಕೊಡುವ ಮಾತು ±0.04 ಗ್ರೇನ್. ಬೆಲೆಯೂ ಹಾಗೇ ಮೇಲೇರುತ್ತದೆ.

*ಕಾಂತಬಲದ ಲ್ಯಾಬ್ ತಕ್ಕಡಿ, 600 ಡಾಲರಿಗೂ ಮೇಲೆ.* ಇದರಲ್ಲಿ ಪಟ್ಟಿ ಬಾಗುವುದನ್ನು ಅಳೆಯುವುದಿಲ್ಲ. ತಟ್ಟೆ ಕೆಳಗಿಳಿಯದಂತೆ ಅಯಸ್ಕಾಂತದ ನಡುವಿನ ಸುರುಳಿಗೆ ಎಷ್ಟು ವಿದ್ಯುತ್ ಕೊಡಬೇಕಾಯಿತು ಎಂಬುದೇ ತೂಕ. ಹೀಗಾಗಿ ಜಾರಿಕೆ ಬಹಳ ಕಡಿಮೆ, ಉತ್ತರ ಒಂದೆರಡು ಸೆಕೆಂಡಿನಲ್ಲಿ. ರೀಲೋಡರುಗಳ ನಡುವೆ ಹೆಸರಾಗಿರುವುದು ಎ ಅಂಡ್ ಡಿ ಕಂಪನಿಯ ಎಫ್‌ಎಕ್ಸ್-120ಐ: ಸಾಮರ್ಥ್ಯ 122 ಗ್ರಾಂ, 0.001 ಗ್ರಾಂ ತೋರಿಸುತ್ತದೆ, ಗ್ರೇನಿನಲ್ಲಿ 0.02ರ ಹೆಜ್ಜೆ. ಅಂದರೆ ಒಂದು ಕಾಳು. ಸೊನ್ನೆಯನ್ನು ಹಿಂಬಾಲಿಸುವುದನ್ನು ಸೆಟ್ಟಿಂಗಿನಲ್ಲೇ ನಿಲ್ಲಿಸಬಹುದು. ಆಟೋಟ್ರಿಕ್ಲರ್ ಜೋಡಿಸಿದರೆ ಡಿಸ್ಪೆನ್ಸರಿನ ವೇಗವೂ ಬರುತ್ತದೆ, ಆದರೆ ಒಟ್ಟು ಖರ್ಚು ಸಾವಿರ ಡಾಲರ್ ದಾಟುತ್ತದೆ.

ಇದೂ ಕೋಣೆಯ ಗುಲಾಮನೇ. 0.1 ತೋರಿಸುವ ತಕ್ಕಡಿ ಮುಚ್ಚಿಡುತ್ತಿದ್ದ ಗಾಳಿಯ ಸುಳಿವು ಇದರ ತೆರೆಯಲ್ಲಿ ಕುಣಿಯುತ್ತದೆ. ಗಾಳಿತಡೆ ಹಾಕಲೇಬೇಕು, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬೆಚ್ಚಗಾಗಬೇಕು. ಬಹಳ ಮಂದಿ ಆರಿಸುವುದೇ ಇಲ್ಲ. ಗಾಳಿತಡೆ ಇಲ್ಲದೆ, ಪ್ರೆಸ್ಸಿನ ಪಕ್ಕದಲ್ಲೇ ಇಟ್ಟು ಬಳಸುವವರು ಕೊಟ್ಟ ದುಡ್ಡಿನ ಅರ್ಧವನ್ನು ಚೆಲ್ಲಿದಂತೆ.

ಯಾರಿಗೆ ಯಾವುದು

ಪಿಸ್ತೂಲು ತೋಟಾ ಮಾತ್ರ, ತಿಂಗಳಿಗೆ ಕೆಲವು ನೂರು: ಪೌಡರ್ ಮೆಜರ್, ಬೆಂಚಿನ ತಕ್ಕಡಿ, ಎಂ1 ಬಟ್ಟುಗಳು. ಬೇಕಿರುವುದು 4.0 ಎಂದರೆ 4.0 ಎಂಬ ಖಾತ್ರಿ. 1 ಗ್ರಾಂ ಬಟ್ಟಿಗೆ 15.4 ಬರುತ್ತಿದೆಯೆ ಎಂದು ಪ್ರತಿ ಕೂರಿಕೆಯ ಆರಂಭದಲ್ಲೂ ನಡುವೆಯೂ ನೋಡಿ. ಈ ಕೆಲಸಕ್ಕೆ 0.02 ಗ್ರೇನ್ ತೋರಿಸುವ ತಕ್ಕಡಿ ದಂಡ. ಇನ್ನೊಂದು ಮಾತು: ಒಂದೇ ಕೇಸಿಗೆ ಎರಡು ಸಲ ಮದ್ದು ಬಿದ್ದರೆ ಯಾವ ತಕ್ಕಡಿಯೂ ಹೇಳುವುದಿಲ್ಲ. ಬುಲೆಟ್ ಕೂರಿಸುವ ಮೊದಲು ಎಲ್ಲ ಕೇಸುಗಳನ್ನು ಟ್ರೇಯಲ್ಲಿ ನಿಲ್ಲಿಸಿ ಟಾರ್ಚು ಬಿಟ್ಟು ನೋಡುವುದಕ್ಕೆ ಪರ್ಯಾಯವಿಲ್ಲ.

ಬೇಟೆಗೆ, ನೂರಿನ್ನೂರು ಗಜದ ಗುರಿಗೆ ರೈಫಲ್ ತೋಟಾ, ವರ್ಷಕ್ಕೆ ಒಂದೆರಡು ನೂರು: ಬೀಮ್ ತಕ್ಕಡಿ ಮತ್ತು ಕೈಯಿಂದ ತಿರುಗಿಸುವ ಟ್ರಿಕ್ಲರ್. ಗಡಿಬಿಡಿ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಬೇರೆ ದಾರಿ ಈ ಬೆಲೆಗಿಲ್ಲ. ಗ್ಯಾರೇಜಿನಲ್ಲೇ ಕೆಲಸ, ಚಳಿ ಸೆಕೆ ಎರಡೂ ವಿಪರೀತ ಎಂದಾದರೂ ಬೀಮ್ ತಕ್ಕಡಿಯೇ.

ರೈಫಲ್ ತೋಟಾ ಸಾವಿರಗಟ್ಟಲೆ, ಸಮಯ ಕಡಿಮೆ: ಡಿಸ್ಪೆನ್ಸರ್. ಅದು ತೂಗುತ್ತಿರುವಾಗ ನೀವು ಬುಲೆಟ್ ಕೂರಿಸಬಹುದು. ಪ್ರತಿ ಹತ್ತನೆಯದನ್ನು ಹಳೆಯ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿ. ಎರಡರ ನಡುವೆ 0.2 ಬಂದರೆ ಕೈ ನಿಲ್ಲಿಸಿ, ಬಟ್ಟು ಇಟ್ಟು ಯಾವುದು ಸುಳ್ಳು ಹೇಳುತ್ತಿದೆ ಎಂದು ಪತ್ತೆ ಮಾಡಿ.

ಆರುನೂರು ಗಜದಿಂದಾಚೆ ಸ್ಪರ್ಧೆ: ಇಲ್ಲಿ ಕಾಂತಬಲದ ತಕ್ಕಡಿಗೆ ಅರ್ಥ ಬರುತ್ತದೆ. ನಲವತ್ತು ಗ್ರೇನ್ ಮದ್ದಿನಿಂದ ಸೆಕೆಂಡಿಗೆ 2700 ಅಡಿ ಹೋಗುವ ಬುಲೆಟ್ ಎಂದಿಟ್ಟುಕೊಂಡರೆ 0.1 ಗ್ರೇನಿನ ವ್ಯತ್ಯಾಸ ವೇಗವನ್ನು ಸ್ಥೂಲವಾಗಿ ಆರೇಳು ಅಡಿ ಬದಲಿಸುತ್ತದೆ. ನೂರು ಗಜದಲ್ಲಿ ಅದು ಕಾಣುವುದೇ ಇಲ್ಲ, ದೂರ ಹೆಚ್ಚಿದಂತೆ ಗುರಿಹಲಗೆಯ ಮೇಲೆ ಮೇಲೆ-ಕೆಳಗಾಗಿ ಹರಡುತ್ತದೆ. ಆದರೆ ಕೇಸಿನ ಕತ್ತಿನ ಬಿಗಿ, ಬುಲೆಟ್ ಕೂರಿಸುವ ಆಳ, ಪ್ರೈಮರ್ ಇವು ಒಂದೊಂದು ತೋಟಾಗೆ ಒಂದೊಂದು ತರ ಇರುವವರೆಗೆ 0.02 ಗ್ರೇನಿನ ಲಾಭವನ್ನು ಬುಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ತೋರಿಸಿಕೊಡದು. ಅವೆಲ್ಲ ಹಿಡಿತಕ್ಕೆ ಬಂದ ಮೇಲೆ ಇದಕ್ಕೆ ಖರ್ಚು ಮಾಡಿ.

ಕೈಯಲ್ಲಿ 150 ಡಾಲರ್ ಮಾತ್ರ ಇದೆ, ಈಗಿನ ಬೆಂಚಿನ ತಕ್ಕಡಿ ಕಾಳಿನ ಪರೀಕ್ಷೆ ಬಿಟ್ಟು ಉಳಿದೆಲ್ಲ ಪಾಸಾಗಿದೆ ಎನ್ನುವವರು ಮೊದಲು ಬಟ್ಟುಗಳನ್ನು ಕೊಂಡು, ಉಳಿದದ್ದರಲ್ಲಿ ಬಳಸಿದ ಬೀಮ್ ತಕ್ಕಡಿ ಹುಡುಕಿ. ಎಲೆಕ್ಟ್ರಾನಿಕ್‌ನಲ್ಲಿ 0.5 ಗ್ರೇನ್ ಕಡಿಮೆ ಇರುವಂತೆ ಸುರಿದುಕೊಂಡು, ಬೀಮಿನ ಮೇಲೆ ಕಾಳು ಬಿಟ್ಟು ಮುಗಿಸಿ. ಎರಡು ಬೇರೆ ತತ್ವದ ತಕ್ಕಡಿಗಳು ಒಂದೇ ಮದ್ದನ್ನು ನೋಡಿದಂತಾಗುತ್ತದೆ. ಶಾಖಕ್ಕೆ ಎಲೆಕ್ಟ್ರಾನಿಕ್ ಜಾರಿದರೆ ಬೀಮ್ ಹೇಳುತ್ತದೆ, ಬೀಮಿನ ಜಾರುತೂಕ ಪಕ್ಕದ ಕಚ್ಚಿಗೆ ಬಿದ್ದಿದ್ದರೆ ಎಲೆಕ್ಟ್ರಾನಿಕ್ ಹೇಳುತ್ತದೆ. ಐದು ಬಟ್ಟುಗಳ ಪರೀಕ್ಷೆಯಲ್ಲೇ ಬಿದ್ದ ತಕ್ಕಡಿಯನ್ನು ಮಾತ್ರ ಈ ಜೋಡಿಗೂ ಸೇರಿಸಬೇಡಿ. ಅದನ್ನು ಅಡುಗೆಮನೆಗೂ ಕೊಡದೆ, ಮೇಲೆ ಮಾರ್ಕರಿನಲ್ಲಿ ‘ಕೆಟ್ಟಿದೆ’ ಎಂದು ಬರೆದು ಎಸೆಯಿರಿ. ಬೆಂಚಿನ ಮೂಲೆಯಲ್ಲಿ ಉಳಿದರೆ ಯಾವಾಗಲೋ ಯಾರೋ ಅದರಲ್ಲೇ ತೂಗುತ್ತಾರೆ.